ಒಂದು ನಂಬರ್ ಹುಡುಕಿಕೊಂಡು ದೊಡ್ಡಬಳ್ಳಾಪುರಕ್ಕೆ

ಆಷಾಢದ ಒಂದು ಗುರುವಾರ ಬೆಳಿಗ್ಗೆ ಆರೂವರೆಗೆ ತುಮಕೂರು ಬಸ್ ನಿಲ್ದಾಣದಲ್ಲಿ ನಾನು ಕಂಡಕ್ಟರ್ ಜೊತೆ ಜಗಳವಾಡುತ್ತಿದ್ದೆ. ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ಟನ್ನೇನೋ ಪಡೆದಿದ್ದೆ. ಆದರೆ ಕ್ಯಾಮೆರಾ ನಿಲ್ಲಿಸುವ ನನ್ನ ಮೂರು ಕಾಲಿನ ಸ್ಟ್ಯಾಂಡಿಗೆ ಲಗೇಜ್ ಟಿಕೆಟ್ ಬೇಕೆಂದು ಆತ ಪಟ್ಟು ಹಿಡಿದಿದ್ದ.

"ಅದು ಮಡಚ್ಕೊಂಡು ನನ್ನ ತೊಡೆ ಮೇಲೇ ಕೂತ್ಕೊಳುತ್ತೆ ಕಣಪ್ಪಾ" ಎಂದೆ.

"ನಿಮಗೆ ಫ್ರೀ ಅಂದವ್ರೆ ಅಮ್ಮಾ, ಅದಕ್ಕೆ ಫ್ರೀ ಅಂದಿಲ್ಲ" ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಹತ್ತು ರೂಪಾಯಿ ಕೊಟ್ಟು, ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿದೆ.

ಎರಡು ವಾರದಿಂದ ನನ್ನ ತಲೆ ಕೆಟ್ಟಿತ್ತು. ತುಮಕೂರಿನಲ್ಲಿ ನನ್ನದೊಂದು ಹಳೆಯ ಫೋಟೋ ಸ್ಟುಡಿಯೋ ಇದೆ. ಅಪ್ಪ ಇಟ್ಟದ್ದು, ಅವರು ಹೋದ ಮೇಲೆ ನಾನು ನಡೆಸುತ್ತಿರುವುದು. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ನಮಗೆ ನೊಣ ಹೊಡೆಯುವ ಕೆಲಸ. ಅಂಥ ಹೊತ್ತಿನಲ್ಲಿ ದೊಡ್ಡಬಳ್ಳಾಪುರದ ವರಲಕ್ಷ್ಮಿ ಎಂಬಾಕೆ ಕರೆದಿದ್ದಳು. ಮನೆಯಲ್ಲೇ ನಾಲ್ಕು ವಿದ್ಯುತ್ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯಿಸುವವಳು. ಬೆಂಗಳೂರಿನ ಸೀರೆ ಅಂಗಡಿಯೊಂದು ಮೊದಲು ಫೋಟೋ ನೋಡಿ, ಹಿಡಿಸಿದರೆ ಮಾತ್ರ ಸೀರೆ ತರಿಸಿಕೊಳ್ಳುತ್ತದೆ. ಅದಕ್ಕೆ ಫೋಟೋ ಬೇಕಾಗಿತ್ತು. ನಾನು ಹೋಗಿ ಮೂವತ್ತು ಸೀರೆ ತೆಗೆದುಕೊಟ್ಟು ಬಂದೆ. ನಾಲ್ಕನೇ ದಿನ ಅಂಗಡಿಯವರ ಉತ್ತರ ಬಂತು: ಇದು ರೇಷ್ಮೆಯೋ ಪಾಲಿಯೆಸ್ಟರೋ? ನೇಯ್ಗೆಯೇ ಕಾಣುತ್ತಿಲ್ಲ. ಎರಡು ವಾರ ಬಿಟ್ಟು ಬರುವ ಶುಕ್ರವಾರದೊಳಗೆ ಬೇರೆ ಫೋಟೋ ಬಂದರೆ ನೋಡುತ್ತೇವೆ, ಇಲ್ಲದಿದ್ದರೆ ಬೇರೆಯವರಿದ್ದಾರೆ.

ನನ್ನ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಅವರು ಹೇಳಿದ್ದು ನಿಜ. ಎಳೆಗೆ ಎಳೆ ಸೇರಿಕೊಂಡು ಎಲ್ಲ ಗಂಜಿಯಂತಾಗಿತ್ತು. ಯುಗಾದಿಯ ಹೊತ್ತಿಗೆ ಕಣ್ಣಿನ ಡಾಕ್ಟರು ನನ್ನ ಬಲಗಣ್ಣಿನಲ್ಲಿ ಪೊರೆ ಶುರುವಾಗಿದೆ, ಈಗಲೇ ಏನೂ ಬೇಡ, ದಸರಾ ಹೊತ್ತಿಗೆ ಬನ್ನಿ ಎಂದಿದ್ದರು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕೆಟ್ಟಿರುವುದು ಲೆನ್ಸೋ ನನ್ನ ಕಣ್ಣೋ? ಲೆನ್ಸಾದರೆ ಬೇರೆ ತರಬಹುದು. ಕಣ್ಣಾದರೆ ಅಪ್ಪನ ಸ್ಟುಡಿಯೋ ಬಾಗಿಲು ಎಳೆಯುವುದೆಂದು ನಿರ್ಧಾರ ಮಾಡಿಬಿಟ್ಟಿದ್ದೆ. ನಿರ್ಧಾರ ಮಾಡಿ ಮೂರು ರಾತ್ರಿ ಅತ್ತಿದ್ದೆ ಕೂಡ.

ಬೆಂಗಳೂರಿನಲ್ಲಿ ಲೆನ್ಸ್ ರಿಪೇರಿ ಮಾಡುವವರೊಬ್ಬರಿಗೆ ಫೋನ್ ಮಾಡಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟರಲ್ಲಿ ತೆಗೆದ್ರಿ ಮೇಡಂ?"

ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯೊಂದಿರುತ್ತದೆ. ಅದಕ್ಕೆ ನಂಬರುಗಳು. ನಂಬರ್ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಕಿಂಡಿ ಚಿಕ್ಕದಾದಷ್ಟೂ ಹತ್ತಿರದ್ದು ದೂರದ್ದು ಎಲ್ಲವೂ ಸ್ಪಷ್ಟ ಎಂದು ಅಪ್ಪ ಕಲಿಸಿದ್ದರು. "ಇಪ್ಪತ್ತೆರಡಕ್ಕೆ ಮುಚ್ಚು, ಆಮೇಲೆ ದೇವರಿಗೆ ಬಿಡು" ಎನ್ನುವುದು ಅವರ ಮಾತು. ನಾನೂ ಇಪ್ಪತ್ತೆರಡು ಎಂದೆ.

"ಪ್ರತಿ ಲೆನ್ಸಿಗೂ ಒಂದು ಒಳ್ಳೆ ನಂಬರ್ ಇರುತ್ತೆ. ಅದನ್ನ ನೀವೇ ಹುಡುಕ್ಕೋಬೇಕು. ಇಪ್ಪತ್ತೆರಡಂತೂ ಅಲ್ಲ" ಎಂದು ಅವರು ನಕ್ಕರು. ಅಪ್ಪನ ಮಾತಿಗೆ ನಕ್ಕರಲ್ಲ ಎಂದು ನನಗೆ ಉರಿದುಹೋಯಿತು. ಆದರೂ ಆ ನಂಬರ್ ಹುಡುಕಲೆಂದೇ ಈ ಪ್ರಯಾಣ.

ದಾಬಸ್‌ಪೇಟೆಯಲ್ಲಿ ಇಳಿದಾಗ ಏಳೂಕಾಲು. ಮೋಡ, ಜೊತೆಗೆ ಆಷಾಢದ ಗಾಳಿ. ಫ್ಯಾಕ್ಟರಿ ಬಸ್ಸುಗಳು ಸಾಲಾಗಿ ನಿಂತಿದ್ದವು. ಪಾಳಿ ಮುಗಿಸಿದವರು ಇಳಿಯುತ್ತಿದ್ದರು, ಹೋಗುವವರು ಹತ್ತುತ್ತಿದ್ದರು. ಒಂದು ಟೀ, ಎರಡು ಇಡ್ಲಿ, ಐವತ್ತು ರೂಪಾಯಿ. ಚಟ್ನಿಗೆ ಹುಣಸೆಹಣ್ಣು ಜಾಸ್ತಿಯಾಗಿತ್ತು. ಅಂಗಡಿಯ ಮುಂದೆ ನಿಂತರೆ ಶಿವಗಂಗೆ ಬೆಟ್ಟ ಕಾಣುತ್ತದೆ. ನಮ್ಮ ಸ್ಟುಡಿಯೋ ಗೋಡೆಯ ಮೇಲೆ ಅಪ್ಪ ಇದೇ ಕೂಡುರಸ್ತೆಯಿಂದ ತೆಗೆದ ಬೆಟ್ಟದ ಪಟವಿದೆ. ಬೆಟ್ಟದ ಮುಂದೆ ಹಾದುಹೋಗುವ ತಂತಿಗಳನ್ನು ಅದರಲ್ಲಿ ಒಂದೊಂದಾಗಿ ಎಣಿಸಬಹುದು. ಚಿಕ್ಕವಳಿದ್ದಾಗ ನನಗೆ ಎಣಿಕೆ ಕಲಿಸಿದ್ದೇ ಆ ತಂತಿಗಳು.

ಈಗ ಅಲ್ಲಿ ದೊಡ್ಡ ವಿದ್ಯುತ್ ಗೋಪುರಗಳು. ಸ್ಟ್ಯಾಂಡ್ ಹಾಕಿ, ಅಭ್ಯಾಸಬಲದಿಂದ ಇಪ್ಪತ್ತೆರಡಕ್ಕೇ ಇಟ್ಟು ಒಂದು ತೆಗೆದೆ. ಪರದೆಯ ಮೇಲೆ ದೊಡ್ಡದು ಮಾಡಿದೆ. ತಂತಿಗಳು ಮೋಡದಲ್ಲಿ ಕರಗಿದ್ದವು.

"ಬೆಟ್ಟ ಚೆನ್ನಾಗಿ ಬಂತಾ?" ಎಂದು ಟೀ ಅಂಗಡಿಯವನು ಕೇಳಿದ.

"ಬೆಟ್ಟ ಚೆನ್ನಾಗೇ ಇದೆ" ಎಂದು ಸಿಡುಕಿ ಸ್ಟ್ಯಾಂಡ್ ಮಡಚಿದೆ. ಪಾಪ, ಅವನೇನು ಮಾಡಿದ್ದ.

ಅಲ್ಲಿಂದ ದೊಡ್ಡಬಳ್ಳಾಪುರಕ್ಕೆ ನಲವತ್ತು ಕಿಲೋಮೀಟರಿನ ಆಚೀಚೆ. ರಸ್ತೆ ಈಗ ಕನ್ನಡಿಯ ಹಾಗಿದೆ, ಲಾರಿಗಳದ್ದೇ ರಾಜ್ಯ. ಅಕ್ಕಪಕ್ಕ ಗೋದಾಮುಗಳು, ನಡುನಡುವೆ ಆಗ ತಾನೇ ರಾಗಿ ಚೆಲ್ಲಿದ ಹೊಲ, ಸೈಟು ಮಾರಾಟಕ್ಕಿದೆ ಎನ್ನುವ ಹಲಗೆಗಳು. ನನ್ನ ಪಕ್ಕ ಕೂತಿದ್ದ ಹೆಂಗಸು ದೇವನಹಳ್ಳಿ ಕಡೆಯ ಹೋಟೆಲಿನಲ್ಲಿ ಕೆಲಸ ಮಾಡುವವಳು. ನಾನು ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಹಲಗೆಗಳನ್ನು ಓದುತ್ತಿದ್ದುದನ್ನು ಅವಳು ನೋಡುತ್ತಲೇ ಇದ್ದಳು.

"ಕಣ್ಣಿಗೆ ಏನಾರ ಬಿತ್ತಾ ಅಕ್ಕಾ?" ಎಂದಳು. ಧೂಳು ಎಂದೆ.

ವರಲಕ್ಷ್ಮಿಯ ಬೀದಿ ಇನ್ನೂ ಒಂದು ತಿರುವು ಇರುವಾಗಲೇ ಕೇಳಿಸುತ್ತದೆ. ಮನೆಮನೆಯಲ್ಲೂ ಮಗ್ಗ. ಖಟಖಟ ಸದ್ದು ಕಿವಿಗಿಂತ ಮೊದಲು ಅಂಗಾಲಿಗೆ ತಾಕುತ್ತದೆ. ಅವಳು ಬಾಗಿಲಲ್ಲೇ ನಿಂತಿದ್ದಳು. ನಲವತ್ತರ ಆಸುಪಾಸು, ಸೆರಗಿಗೆ ಅಂಟಿದ ರೇಷ್ಮೆ ಎಳೆಗಳು. ಪಾಲಿಯೆಸ್ಟರ್ ವಿಷಯ ಎತ್ತದೆ ಮೊದಲು ಕಾಫಿ ಕೊಟ್ಟಳು. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅವಳ ಮಾವ ಪಿಳ್ಳಪ್ಪನವರು ಜಗಲಿಯ ಮೇಲೆ ಸೀರೆ ಹರಡಿಕೊಂಡು ಕೂತಿದ್ದರು. ಎಪ್ಪತ್ತೈದು ದಾಟಿದ ಮನುಷ್ಯ. ಇಡೀ ಬೀದಿಯ ಸೀರೆಗಳು ಹೊರಗೆ ಹೋಗುವ ಮೊದಲು ಅವರ ಕೈ ಹಾಯಬೇಕು. ಅವರ ಹತ್ತಿರ ಹಿತ್ತಾಳೆಯ ಮಡಚುವ ಭೂತಗನ್ನಡಿಯೊಂದಿದೆ. ಅದನ್ನು ಬಟ್ಟೆಯ ಮೇಲಿಟ್ಟು, ಸೂಜಿಮೊನೆಯಲ್ಲಿ ಒಂದೊಂದೇ ಎಳೆ ಎಣಿಸಿ, ಎಳೆ ಕಡಿಮೆ ಬಿದ್ದಿದ್ದರೆ ಸೀರೆಯನ್ನು ಮುಲಾಜಿಲ್ಲದೆ ವಾಪಸು ಎಸೆಯುತ್ತಾರೆ.

"ಬಾರಮ್ಮಾ ಪಾಲಿಯೆಸ್ಟರಮ್ಮಾ" ಎಂದರು. ವರಲಕ್ಷ್ಮಿ ನಾಲಗೆ ಕಚ್ಚಿಕೊಂಡಳು. ನನಗೆ ನಗು ಬಂದಿದ್ದರೆ ಚೆನ್ನಾಗಿತ್ತು.

ಕಿಟಕಿಯ ಪಕ್ಕದ ಗೋಡೆಗೆ ಹಸಿರು ಸೀರೆಯೊಂದನ್ನು ಬಿಗಿಯಾಗಿ ಕಟ್ಟಿದೆವು. ಸ್ಟ್ಯಾಂಡ್ ಮೇಲೆ ಕ್ಯಾಮೆರಾ ಇಟ್ಟೆ. ಕೈ ತಾಕದ ಹಾಗೆ ಎರಡು ಸೆಕೆಂಡು ತಡೆದು ತಾನೇ ಕ್ಲಿಕ್ಕಾಗುವಂತೆ ಮಾಡಿದೆ. ತೀರಾ ತೆರೆದ ಕಿಂಡಿಯಿಂದ ತೀರಾ ಮುಚ್ಚಿದ ಕಿಂಡಿಯವರೆಗೆ ಎಂಟು ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಎಂಟರಲ್ಲಿ ಒಂದೂ ಸರಿಯಿರಲಿಲ್ಲ. ಎಲ್ಲ ಮಬ್ಬು. ಕಣ್ಣು ಉಜ್ಜಿಕೊಂಡು ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಯಾವ ನಂಬರಿಗೂ ಸ್ಪಷ್ಟವಾಗದಿದ್ದರೆ ಇನ್ನೇನು ಉಳಿಯಿತು? ನನ್ನ ಕಣ್ಣೇ. ಅಲ್ಲೇ ನೂಲಿನ ಮೂಟೆಯ ಮೇಲೆ ಕೂತುಬಿಟ್ಟೆ.

"ಏನಾಯ್ತಕ್ಕಾ?" ವರಲಕ್ಷ್ಮಿ ಹತ್ತಿರ ಬಂದಳು. ಹೇಳಬಾರದೆಂದಿದ್ದ ಪೊರೆಯ ವಿಷಯವನ್ನೆಲ್ಲ ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿ ಹೇಳಿಬಿಟ್ಟೆ. ಅವಳು ನನ್ನ ಕೈ ಹಿಡಿದುಕೊಂಡಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. ಮನೆಮನೆಯಿಂದಲೂ ಬೈಗುಳ ಕೇಳಿಬಂತು. ಗಾಳಿಗೆ ಎಲ್ಲೋ ಕೊಂಬೆ ತಂತಿ ಮೇಲೆ ಬಿದ್ದಿರಬೇಕು, ಇನ್ನು ಒಂದು ಗಂಟೆ ಇಲ್ಲ ಎಂದು ಯಾರೋ ಕೂಗಿದರು. ಪಿಳ್ಳಪ್ಪನವರು ಮಾತ್ರ ಲೋಟದ ನೀರನ್ನು ನೋಡುತ್ತಿದ್ದರು.

"ನೋಡಮ್ಮಾ, ಈಗ ನೀರು ನಿಂತ್ಕಂತು. ಮಗ್ಗ ಓಡ್ವಾಗ ಈ ನೆಲ ನಡುಗ್ತಾನೇ ಇರ್ತದೆ. ನಾನೂ ಮಗ್ಗ ನಿಲ್ಸದೆ ಎಳೆ ಎಣ್ಸಲ್ಲ. ನಿನ್ನ ಮುಕ್ಕಾಲಿ ಕುಣೀತಾ ಇದ್ರೆ ಕಣ್ಣೇನ್ ಮಾಡ್ತದೆ?"

ಅಯ್ಯೋ ಮೂರ್ಖಿ ಎಂದು ನನ್ನನ್ನೇ ಬೈದುಕೊಂಡೆ. ಮೂವತ್ತು ವರ್ಷದ ಅನುಭವ ನನ್ನದು, ಅಂಗಾಲಿಗೆ ತಾಕಿದ್ದು ತಲೆಗೆ ತಾಕಿರಲಿಲ್ಲ. ಎದ್ದು, ಅದೇ ಸೀರೆ, ಅದೇ ಕಿಟಕಿಯ ಬೆಳಕಿನಲ್ಲಿ ಮತ್ತೆ ಎಂಟು ತೆಗೆದೆ.

ಈ ಸಲ ಎಂಟೂ ಬೇರೆಬೇರೆಯಾಗಿದ್ದವು. ಆದರೂ ನನ್ನ ಕಣ್ಣನ್ನು ನಾನೇ ನಂಬುವ ಸ್ಥಿತಿಯಲ್ಲಿರಲಿಲ್ಲ. ಯಾವುದು ಇಪ್ಪತ್ತೆರಡರದ್ದು ಎಂದು ಗೊತ್ತಿದ್ದರೆ ಅಪ್ಪನ ಮೇಲಿನ ಪ್ರೀತಿಗೆ ಅದೇ ಚೆನ್ನಾಗಿ ಕಾಣಿಸಿಬಿಡಬಹುದು. ಆದ್ದರಿಂದ ವರಲಕ್ಷ್ಮಿಗೆ ಒಂದು ಕೆಲಸ ಕೊಟ್ಟೆ: ಫೋಟೋಗಳನ್ನು ಕಲಸಿ, ನಂಬರ್ ಮುಚ್ಚಿ, ಅವಳಿಗೆ ತೋಚಿದ ಹೆಸರಿಡಬೇಕು, ಯಾವ ಹೆಸರಿಗೆ ಯಾವ ನಂಬರ್ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಅವಳು ಸೀರೆ ಅಂಚಿನ ಹೆಸರುಗಳನ್ನೇ ಇಟ್ಟಳು. ಗೋಪುರ, ಮಾವು, ಹಂಸ, ರುದ್ರಾಕ್ಷಿ, ನವಿಲು, ಹೀಗೆ ಎಂಟು.

ಮೊದಲು ನಾನು ನೋಡಿದೆ. ಮೂರು ಸಲ ನೋಡಿ, ನನಗೆ ಸರಿಕಂಡದ್ದನ್ನು ಕಾಗದದಲ್ಲಿ ಬರೆದು, ಮಡಚಿ, ಕಾಫಿ ಲೋಟದ ಕೆಳಗಿಟ್ಟೆ.

ಆಮೇಲೆ ಪಿಳ್ಳಪ್ಪನವರು ಲ್ಯಾಪ್‌ಟಾಪ್ ಮುಂದೆ ಕೂತರು. ಮೊದಲು ಗೋಡೆಯ ಸೀರೆಗೆ ಭೂತಗನ್ನಡಿ ಇಟ್ಟು ಕಾಲು ಅಂಗುಲಕ್ಕೆ ಇಪ್ಪತ್ತಾರು ಎಳೆ ಎಂದು ಎಣಿಸಿಕೊಂಡರು. ಮತ್ತೆ ಪರದೆಯ ಮೇಲೆ ಅದೇ ಜಾಗ ಹುಡುಕಿ ಸೂಜಿ ಎತ್ತಿದರು. ಪರದೆ ಗೀಚೀತೆಂದು ನಾನು ಉಸಿರು ಬಿಗಿಹಿಡಿದೆ. ಅವರಿಗೆ ಅದರ ಪರಿವೆಯೇ ಇಲ್ಲ.

"ಈ ಗೋಪುರ ನಡುವೆ ಸರಿ, ಅಂಚಲ್ಲಿ ಓಡೋಗವ್ನೆ. ರುದ್ರಾಕ್ಷಿಗೆ ಗಂಜಿ ಜಾಸ್ತಿ ಆಗ್ಬಿಟ್ಟದೆ, ಎಳೆ ಎಲ್ಲಾ ಅಂಟ್ಕೊಂಡವೆ. ಇದನ್ನ ಬಿಸಾಕು. ಮಾವು ಪರ್ವಾಗಿಲ್ಲ." ಹೀಗೆ ಒಂದೊಂದನ್ನೇ ತಳ್ಳುತ್ತಾ ಬಂದು, ಒಂದರ ಮುಂದೆ ನಿಂತರು. ತುಟಿ ಆಡಿಸುತ್ತಾ ಎಣಿಸಿದರು. "ಇಪ್ಪತ್ತಾರು. ಮೂಲೇಲೂ ಇಪ್ಪತ್ತಾರು. ಹಂಸ ಕಣಮ್ಮಾ. ಹಂಸಾನೇ."

ವರಲಕ್ಷ್ಮಿ ಲೋಟ ಎತ್ತಿ ನನ್ನ ಕಾಗದ ಬಿಚ್ಚಿದಳು. "ಹಂಸ" ಎಂದಿತ್ತು.

ನಾನು ಅತ್ತೆ. ಐವತ್ತಮೂರು ವರ್ಷದ ಹೆಂಗಸು, ಬೇರೆಯವರ ಮನೆಯಲ್ಲಿ, ಯಾವ ಸಂಕೋಚವೂ ಇಲ್ಲದೆ ಅತ್ತೆ. ವರಲಕ್ಷ್ಮಿಯೂ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಹದಿನೈದು ದಿನದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಇಳಿದುಹೋಯಿತು.

"ಅಳ್ತೀಯಲ್ಲಾ, ನನ್ ಎರಡು ಕಣ್ಣೂ ಆಪರೇಷನ್ ಆಗಿರೋವು" ಎಂದು ಪಿಳ್ಳಪ್ಪನವರು ನಕ್ಕರು. "ಪೊರೆ ತೆಗೆದ್ ಮ್ಯಾಲೇ ನಾನು ಈ ಬೀದಿಯೋರ ಕಳ್ಳತನ ಎಲ್ಲಾ ಕಂಡಿದ್ದು. ಡಾಕ್ಟ್ರು ಹೇಳ್ದಾಗ ಹೋಗಿ ಮಾಡ್ಸ್ಕೊ."

ಚೀಟಿ ನೋಡಿದೆವು. ಹಂಸ ಎಂದರೆ ಕಿಂಡಿಯ ನಂಬರ್ ಎಂಟು. ಗಂಜಿ ಜಾಸ್ತಿಯಾದ ರುದ್ರಾಕ್ಷಿಯೇ ಅಪ್ಪನ ಇಪ್ಪತ್ತೆರಡು.

ನನ್ನ ಮುಖ ಸಣ್ಣಗಾದದ್ದನ್ನು ಕಂಡು ಮುದುಕರು ಅಪ್ಪನ ಕ್ಯಾಮೆರಾ ಎಂಥದು ಎಂದು ಕೇಳಿದರು. ಮರದ ಪೆಟ್ಟಿಗೆಯದು, ಒಂದೊಂದು ನೆಗೆಟಿವ್ ಅಂಗೈಯಗಲ ಎಂದೆ. ನನ್ನದರ ಒಳಗೆ ಚಿತ್ರ ಬೀಳುವ ಜಾಗ ಅಂಚೆಚೀಟಿಯಷ್ಟು. ಹೇಳುತ್ತಾ ಹೇಳುತ್ತಾ ನನಗೇ ಅರ್ಥವಾಯಿತು. ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಒತ್ತಿದರೆ ನೀರು ಚದುರುವಂತೆ, ಕಿಂಡಿ ತೀರಾ ಕಿರಿದಾದರೆ ಬೆಳಕೂ ಚದುರುತ್ತದೆ. ಅಂಗೈಯಗಲದ ನೆಗೆಟಿವ್‌ನಲ್ಲಿ ಅಷ್ಟು ಚದುರಿದರೆ ಯಾರಿಗೂ ಕಾಣದು. ಅಂಚೆಚೀಟಿಯನ್ನು ಸೀರೆಯಷ್ಟು ಹಿಗ್ಗಿಸಿದಾಗ ಎಲ್ಲ ಬಯಲಾಗುತ್ತದೆ.

"ಹಂಗಾದ್ರೆ ನಿಮ್ಮಪ್ಪ ಸರಿಯಾಗೇ ಹೇಳವ್ರೆ. ಅವರ ಮಗ್ಗಕ್ಕೆ ಅವರ ಹಣಿಗೆ" ಎಂದರು ಪಿಳ್ಳಪ್ಪನವರು. ಹಣಿಗೆ ಎಂದರೆ ಎಳೆಗಳನ್ನು ಬಿಡಿಸಿ ನಿಲ್ಲಿಸುವ ಬಾಚಣಿಗೆ. ಒಂದು ಮಗ್ಗದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಕರೆಂಟ್ ಬರುವಷ್ಟರಲ್ಲಿ ಹದಿನೇಳು ಸೀರೆ ಮುಗಿದಿದ್ದವು. ಉಳಿದ ಹದಿಮೂರಕ್ಕೆ ವರಲಕ್ಷ್ಮಿ ತನ್ನ ಮಗ್ಗ ನಿಲ್ಲಿಸಿ, ಅಕ್ಕಪಕ್ಕದ ಮನೆಗಳಿಗೂ ಹೋಗಿ ಕೇಳಿಕೊಂಡಳು. ಪಾಲಿಯೆಸ್ಟರ್ ಎಂದವರ ಬಾಯಿ ಮುಚ್ಚಿಸಬೇಕು ಎಂದು ಹೇಳಿದ್ದಳಂತೆ. ಇಡೀ ಬೀದಿಗೆ ರೋಷ ಬಂದು ಅರ್ಧ ಗಂಟೆ ಮಗ್ಗ ನಿಲ್ಲಿಸಿತು. ಊಟಕ್ಕೆ ಮುದ್ದೆ, ಅವರೆಬೇಳೆ ಸಾರು. ಎರಡು ವಾರದ ನಂತರ ಅಂದು ಊಟದ ರುಚಿ ಗೊತ್ತಾಯಿತು. ಮೂರು ಗಂಟೆಗೆ ಫೋಟೋಗಳು ಅಂಗಡಿಗೆ ಹೋದವು.

ಸಂಜೆ ಐದೂವರೆಗೆ ಮತ್ತೆ ದಾಬಸ್‌ಪೇಟೆ. ಪಶ್ಚಿಮದಲ್ಲಿ ಮೋಡ ಸ್ವಲ್ಪ ಬಿರುಕು ಬಿಟ್ಟಿತ್ತು. ಅದೇ ಟೀ ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿ, ಎಂಟಕ್ಕೆ ಇಟ್ಟು ಬೆಟ್ಟವನ್ನು ತೆಗೆದೆ. ಪರದೆಯ ಮೇಲೆ ದೊಡ್ಡದು ಮಾಡಿ ತಂತಿ ಎಣಿಸಿದೆ. ಆರು. ತಲೆಯೆತ್ತಿ ಬರಿಗಣ್ಣಲ್ಲಿ ಎಣಿಸಿದೆ. ಆರೇ. ಬೆಳಿಗ್ಗೆ ಸಿಡುಕಿದ್ದಕ್ಕೆ ಟೀ ಅಂಗಡಿಯವನಿಗೆ ಫೋಟೋ ತೋರಿಸಿದೆ. "ಚೆನ್ನಾಗಿದೆ ಅಕ್ಕಾ, ಅಡ್ಡ ತಂತಿ ಇಲ್ದಿದ್ರೆ ಇನ್ನೂ ಚೆನ್ನಾಗಿರೋದು" ಎಂದ.

ಬಸ್ ಹತ್ತುವಾಗ ವರಲಕ್ಷ್ಮಿಯ ಫೋನ್ ಬಂತು. ಹಿಂದೆ ಮಗ್ಗಗಳ ಸದ್ದು; ಅವಳು ಕೂಗುತ್ತಿದ್ದಳು. "ಅಕ್ಕಾ, ಒಂಬತ್ತು ಸೀರೆ ತಗೊಂಡ್ ಬನ್ನಿ ಅಂದವ್ರೆ! ಎಷ್ಟು ಒಳ್ಳೆ ರೇಷ್ಮೆ, ಮೊದ್ಲೇ ಯಾಕೆ ತೋರಿಸ್ಲಿಲ್ಲ ಅಂತ ಕೇಳ್ತಾವ್ರೆ!"

ಕಿಟಕಿ ಪಕ್ಕ ಕೂತೆ. ಕಂಡಕ್ಟರ್ ಬಂದ, ಬೆಳಗಿನವನೇ. ಅವನು ಬಾಯಿ ತೆರೆಯುವ ಮೊದಲೇ ಆಧಾರ್ ಕಾರ್ಡಿನ ಜೊತೆ ಹತ್ತು ರೂಪಾಯಿ ನೀಡಿದೆ. ಅವನಿಗೆ ಅನುಮಾನವೇ ಬಂತು.

"ಏನಮ್ಮಾ, ಬೆಳಿಗ್ಗೆ ಅಷ್ಟೊಂದು ಜಗಳ ಆಡಿದ್ರಿ?"

"ಬೆಳಿಗ್ಗೆ ನನಗೆ ಕಣ್ಣು ಹೋಗಿತ್ತು ಕಣಪ್ಪಾ" ಎಂದೆ.

ಅವನು ನನ್ನನ್ನೊಮ್ಮೆ, ಸ್ಟ್ಯಾಂಡನ್ನೊಮ್ಮೆ ನೋಡಿ ಮುಂದಿನ ಸೀಟಿಗೆ ಹೋದ. ಬಸ್ ಹೊರಟಿತು. ನಾನು ಹಿಂದೆ ತಿರುಗಿ, ಬೆಟ್ಟ ಮರೆಯಾಗುವವರೆಗೂ ತಂತಿಗಳನ್ನು ಎಣಿಸುತ್ತಾ ಕೂತೆ.