ಬೀಗರ ಚಹಾ ಮತ್ತು ಬ್ಲೀಚಿಂಗ್ ಪೌಡರು

ಇವತ್ತು ಬೆಳಿಗ್ಗೆ ಸಿಂಧನೂರಿನ ನಮ್ಮ ಮನೆಯ ನಳದಲ್ಲಿ ನೀರಿನ ಜೊತೆ ಬ್ಲೀಚಿಂಗ್ ಪೌಡರಿನ ಘಾಟೂ ಬಂತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೊಡ ಸರಿಸಿದಳು. ನಾನು ನಳದ ಮುಂದೆ ಕುಕ್ಕರಗಾಲಲ್ಲಿ ಕೂತು, ಮಲ್ಲಿಗೆ ಮೂಸುವವನ ಹಾಗೆ ಅದನ್ನು ಮೂಸಿದೆ. ನಗಬೇಡಿ. ಕೇಳಿದ ಮೇಲೆ ನೀವೂ ನಗಲಾರಿರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಚಿಂತೆಗಾರ. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಮಸ್ಕಿಗೆ ಹೊರಟ ಬಸ್ಸಿನಿಂದ ನಡುದಾರಿಯಲ್ಲಿ ಇಳಿದು ವಾಪಸ್ಸು ಬಂದವನು. ಮಗಳು ಒಮ್ಮೆ ಸೀನಿದರೆ ಅವಳ ಮದುವೆಯವರೆಗಿನ ಕಾಯಿಲೆಗಳನ್ನೆಲ್ಲ ನೆನೆಯುವವನು. ಇಷ್ಟು ಚಿಂತೆಯಲ್ಲಿ ಒಂದಾದರೂ ಸರಿಯಾದ ದಿನ, ಸರಿಯಾದ ಕಡೆ ಹೋಗಬಾರದೇ? ಹೋಗಲಿಲ್ಲ.

ಹನ್ನೆರಡು ವರ್ಷದ ಹಿಂದೆ ಕಾಲುವೆ ಪಕ್ಕದ ಒಂದು ಊರಿನಲ್ಲಿ ನಾನು ಮಾಸ್ತರನಾಗಿದ್ದೆ. ಏಳನೇ ಇಯತ್ತೆಗೆ ವಿಜ್ಞಾನ. ನೀರಿನಿಂದ ಹರಡುವ ರೋಗಗಳ ಪಾಠವನ್ನು ನಾನು ಹೇಳುವಾಗ ಪಕ್ಕದ ಕೋಣೆಯ ಮಕ್ಕಳೂ ಸುಮ್ಮನಾಗುತ್ತಿದ್ದರು ಎಂಬುದು ನನ್ನ ಹೆಮ್ಮೆ. ಕಾಲುವೆಯ ನೀರು ಕೆರೆಗೆ, ಕೆರೆಯಿಂದ ಮೇಲಿನ ಟ್ಯಾಂಕಿಗೆ, ಅಲ್ಲಿಂದ ನಳಗಳಿಗೆ. ಈ ದಾರಿಗೆಲ್ಲ ಒಡೆಯ ಅಮರೇಶ, ಊರಿನ ವಾಟರ್‌ಮನ್. ಮುಖಕ್ಕೆ ಟವೆಲು ಸುತ್ತಿಕೊಂಡು ಬಕೆಟ್ಟಿನಲ್ಲಿ ಪೌಡರು ಕಲಸಿ, ಅದರ ಸುಣ್ಣ ತಳಕ್ಕೆ ಕೂರುವವರೆಗೆ ಬೀಡಿ ಸೇದಿ, ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯುತ್ತಿದ್ದ. ಅವನದೊಂದು ಪದ್ಧತಿ ಇತ್ತು. ಟ್ಯಾಂಕಿನ ಬುಡದ ನಳದಿಂದ ಮೊದಲ ಕೊಡ ಅವನ ಮನೆಗೆ ಹೋಗಬೇಕು, ತಾಯಿ ಈರಮ್ಮ ಒಂದು ಚರಿಗೆ ಕುಡಿಯಬೇಕು, ಆಮೇಲೆ ಊರಿಗೆ ನೀರು. ತಾನು ಕುಡಿಯದ ನೀರನ್ನು ಮಂದಿಗೆ ಬಿಡಬಾರದು ಎನ್ನುತ್ತಿದ್ದ.

ಆ ಮಳೆಗಾಲ ನಮ್ಮ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಲಿಂಗಸುಗೂರಿನಿಂದ ಬೀಗರು ಬರುವವರಿದ್ದರು. ಹಿಂದೊಮ್ಮೆ ಬಂದಾಗ ನನ್ನ ಅತ್ತೆ ಬಟ್ಟಲು ಕೆಳಗಿಟ್ಟು, ನಿಮ್ಮೂರ ಚಹಾ ದವಾಖಾನಿ ವಾಸನಿ ಹೊಡಿತೈತಿ ಎಂದಿದ್ದರು. ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತ್ತು. ನೀರನ್ನು ಮೊದಲೇ ಬಹಳ ಹೊತ್ತು ಕುದಿಸಿಟ್ಟರೆ ವಾಸನೆ ಬಹುಪಾಲು ಹೋಗುತ್ತದೆ. ಅದೂ ನನಗೆ ಗೊತ್ತಿತ್ತು. ಆದರೂ ಹಿಂದಿನ ದಿನ ಅಮರೇಶನ ಹತ್ತಿರ ಹೋದೆ, ನಾಳೆ ಒಂದು ದಿನ ಪೌಡರು ಬೇಡವೆಂದೆ.

ಅವನು ತಲೆ ಕೆರೆದುಕೊಂಡ. "ಈ ವಾರ ಬ್ಯಾಡ್ರಿ ಸರ್. ಕಾಲುವಿಗೆ ಈಗರ ಹೊಸಾ ನೀರು ಬಿಟ್ಟಾರ. ಬ್ಯಾಸಗಿ ಹೊಲಸೆಲ್ಲಾ ತೊಳಕೊಂಡು ಬಂದೈತಿ."

"ಒಂದ ದಿನಕ್ಕ ಏನಾಗತೈತೋ ಮಾರಾಯ," ಎಂದೆ. ಹೇಳಿದ್ದು ವಿಜ್ಞಾನದ ಮಾಸ್ತರ. ಅವನು ನಂಬಿದ.

ಕಾರ್ಯ ಚೆನ್ನಾಯಿತು. ಚಿಂತೆಗಾರನಲ್ಲವೇ, ಬೀಗರಿಗೆ ಕುಡಿಯಲು ನೀರು ಕುದಿಸಿ ಆರಿಸಿ ಸ್ಟೀಲಿನ ಡ್ರಮ್ಮಿನಲ್ಲಿ ತುಂಬಿಸಿದ್ದೆ. ಚಹಾ ಹೇಗೂ ಕುದಿದದ್ದು. ಬಂದವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಅತ್ತೆ ಎರಡು ಬಟ್ಟಲು ಕುಡಿದು ಹೊಗಳಿ ಹೋದರು.

ಮೂರನೆಯ ದಿನ ಊರಲ್ಲಿ ವಾಂತಿಭೇದಿ ಶುರುವಾಯಿತು. ಶಾಲೆಯ ಬೆಂಚುಗಳ ಮೇಲೆ ಜನ ಮಲಗಿದರು, ಕಿಟಕಿಯ ಸರಳಿಗೆ ಸಲಾಯಿನ್ ಬಾಟಲಿ ಕಟ್ಟಿದರು. ಟ್ಯಾಂಕು ತುಂಬುತ್ತಿದ್ದುದು ನಾಲ್ಕು ದಿನಕ್ಕೊಮ್ಮೆ, ಅದರಲ್ಲಿ ಇನ್ನೂ ಇದ್ದದ್ದು ಆ ದಿನದ ನೀರೇ. ಸಂಜೆ ತಾಲೂಕಿನಿಂದ ಬಂದವರು ಅದನ್ನು ಪರೀಕ್ಷಿಸಿ, ಇದರಲ್ಲಿ ಪೌಡರೇ ಇಲ್ಲವಲ್ಲ ಎಂದರು. ಟ್ಯಾಂಕಿಗೆ ಎರಡು ಪಟ್ಟು ಪೌಡರು ಸುರಿಸಿದರು. ಊರೆಲ್ಲ ಘಾಟು. ಮರುದಿನ ಬೆಳಿಗ್ಗೆ ಈರಮ್ಮ ತೀರಿಕೊಂಡಳು.

ಯಾರದು ತಪ್ಪು ಎಂದು ಅಮರೇಶನನ್ನು ನಿಲ್ಲಿಸಿ ಕೇಳಿದರು. ತಾಯಿಯನ್ನು ಮಣ್ಣು ಮಾಡಿ ಬಂದ ಮೈಯಲ್ಲೇ ಇದ್ದ. "ಮರತೇನ್ರಿ," ಎಂದ. ನನ್ನ ಕಡೆ ನೋಡಲೂ ಇಲ್ಲ. ನಾನು ನಾಲ್ಕು ಮಾರು ದೂರದಲ್ಲಿ ಸಕ್ಕರೆ-ಉಪ್ಪಿನ ನೀರು ಕಲಸುತ್ತಿದ್ದೆ. ಪೌಡರು ಬೇಡವೆಂದದ್ದು ನಾನು ಎಂಬ ಒಂದೇ ವಾಕ್ಯ ಬಾಯಲ್ಲಿತ್ತು, ಹೊರಗೆ ಬರಲಿಲ್ಲ. ನೌಕರಿ, ಹಸುಗೂಸು, ಬೀಗರು ಎಂದೆಲ್ಲ ಲೆಕ್ಕ ಹಾಕಿದೆ. ಅವನನ್ನು ಕೆಲಸದಿಂದ ತೆಗೆದರು. ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ ಸ್ವಚ್ಛ ನೀರಿನ ಬಗ್ಗೆ ಮಾತಾಡಿಸಿದರು. ಚೆನ್ನಾಗಿಯೇ ಮಾತಾಡಿದೆ.

ವರ್ಗವಾಗಿ ಸಿಂಧನೂರಿಗೆ ಬಂದೆ. ಅಮರೇಶ ಭತ್ತದ ನಾಟಿಗೆ ಕೂಲಿ ಹೋಗುತ್ತಾನೆಂದು ಕೇಳಿದ್ದೆ. ಹೋದ ವಾರ ಅವನ ಫೋನು ಬಂತು. ಬೈಯಲಿಕ್ಕೆ ಇರಬಹುದೆಂದುಕೊಂಡೆ. ಬೈಯಲಿಲ್ಲ. ಕಾಲುವೆಗೆ ಹೊಸ ನೀರು ಬಿಟ್ಟಿದ್ದಾರೆ, ಈಗಿನ ವಾಟರ್‌ಮನ್ ಪೌಡರಿನ ಚೀಲ ಬಿಚ್ಚಲಿಕ್ಕೇ ಹೆದರುತ್ತಾನೆ ಎಂದ. ಊರಿನ ತಿಳಿವಳಿಕೆ ಏನೆಂದರೆ, ಆ ವರ್ಷ ಜೀವ ತೆಗೆದದ್ದು ಪೌಡರು. ಘಾಟು ಬಂದ ಮರುದಿನವೇ ಅಲ್ಲವೇ ಈರಮ್ಮ ಹೋದದ್ದು? ಹನ್ನೆರಡು ವರ್ಷದಿಂದ ಟ್ಯಾಂಕಿಗೆ ಸರಿಯಾಗಿ ಪೌಡರು ಬಿದ್ದಿಲ್ಲ. ವರ್ಷಕ್ಕೆ ನಾಲ್ಕಾರು ಮಂದಿ ಮಲಗುತ್ತಾರೆ, ಏಳುತ್ತಾರೆ.

"ನೀವು ಬಂದು ಹೇಳ್ರಿ ಸರ್. ನಾ ಹೇಳಿದ್ರ ಕೆಲಸಗಳ್ಳನ ಮಾತು ಅಂತಾರ."

ಹೋದೆ. ಕಟ್ಟೆಯ ಮೇಲೆ ಕೂತವರ ಮುಂದೆ ನಿಂತು ಎಲ್ಲ ಹೇಳಿದೆ: ಬೀಗರು, ಚಹಾ, ಬೇಡವೆಂದ ಅಮರೇಶ, ಕೇಳದ ನಾನು. ಉಗುಳುತ್ತಾರೆ ಎಂದುಕೊಂಡಿದ್ದೆ. ಉಗುಳಿದ್ದರೆ ಎಷ್ಟು ಚೆನ್ನಾಗಿತ್ತು.

ಊರ ಗೌಡರು ಕಣ್ಣೊರೆಸಿಕೊಂಡರು. "ನೋಡ್ರೆಪಾ, ಮಾಸ್ತರ ಅಂದ್ರ ಇವರು. ಬಡವನ ಮ್ಯಾಲಿನ ಅಪವಾದ ತಮ್ಮ ತಲಿಮ್ಯಾಲೆ ಹೊತಗೊಳ್ಳಾಕ ಬಂದಾರ."

ನಿಜವೇ ಹೇಳುತ್ತಿದ್ದೇನೆ ಎಂದು ಆಣೆ ಮಾಡಿದೆ. ನೀರು ತುಂಬಲು ಬಂದ ಮುದುಕಿಯೊಬ್ಬಳು ನಕ್ಕು, "ನಿಮಗ ಸುಳ್ಳ ಹೇಳಾಕ ಬರಂಗಿಲ್ಲ ಬಿಡ್ರಿ ಸರ್," ಎಂದಳು. ಹೂವಿನ ಹಾರ ತರಿಸಿ ಹಾಕಿದರು. ಪೌಡರಿನ ಮಾತು ಅಲ್ಲಿಗೆ ಮುಗಿಯಿತು.

ಅಮರೇಶ ಬಸ್ಸಿನವರೆಗೆ ಬಂದ. ನಾನು ಹತ್ತುವಾಗ ಹೇಳಿದ: "ಆವತ್ತ ಹೇಳಿದ್ರ ನಂಬತಿದ್ರು ಸರ್. ಆವತ್ತ ನಿಮಗ ಕಳಕೊಳ್ಳಾಕ ಏನರ ಇತ್ತು."

ಅಂದಿನಿಂದ ದಿನಾ ಅವನಿಗೆ ಫೋನು ಮಾಡುತ್ತೇನೆ. ಇವತ್ತೂ ನಳದ ಮುಂದಿನಿಂದ ಎದ್ದವನೇ ಮಾಡಿದೆ. ಸದ್ಯ ಎಲ್ಲಾರೂ ಆರಾಮ ಅದಾರ್ರಿ ಎಂದ. ಯಾರಿಗೂ ಏನೂ ಆಗದಿದ್ದರೆ ಗೆಲ್ಲುವುದು ಊರಿನ ಮಾತು. ಯಾರಾದರೂ ಸತ್ತರೆ ನನ್ನದು. ಊರೇ ಗೆಲ್ಲಲಿ ಎಂದು ಬೇಡಿಕೊಳ್ಳುತ್ತೇನೆ. ಗೆದ್ದರೆ ಮುಂದಿನ ವರ್ಷವೂ ಪೌಡರು ಬೀಳುವುದಿಲ್ಲ.