ಸೀಟಿನ ಕೆಳಗಿನ ಬೆಸುಗೆ

ನಾನು ವೆಲ್ಡಿಂಗ್ ಮಾಡಿದ್ದ ಸೀಟು ಬುಡಸಮೇತ ಕಿತ್ತು ಬಂದಾಗ ನಮ್ಮಕ್ಕ ಅದರ ಮೇಲೆ ಕೂತಿದ್ದಳು.

ಇಷ್ಟನ್ನು ಎಂಟು ತಿಂಗಳ ಹಿಂದೆಯೇ ಈ ಅಂಕಣದಲ್ಲಿ ಬರೆಯಬೇಕಿತ್ತು. ಬರೆಯಲಿಲ್ಲ. ಅದರ ಬದಲು ಮಳೆಯ ಬಗ್ಗೆ ಬರೆದೆ, ಹಾಸನದ ಟ್ರಾಫಿಕ್ಕಿನ ಬಗ್ಗೆ ಬರೆದೆ, ಮದುವೆಮನೆ ಊಟದ ಬಗ್ಗೆ ಎರಡು ವಾರ ಬರೆದೆ. (ಎರಡು ವಾರ! ಹೇಳಲು ಬೇರೇನೂ ಇಲ್ಲದವನಂತೆ.)

ಕಾರಿನ ಕಥೆ ನಿಮಗೆ ನೆನಪಿರಬಹುದು. ಚನ್ನರಾಯಪಟ್ಟಣದ ಅಕ್ಕಿ ಗಿರಣಿಯೊಂದರ ಹಿಂದೆ ಇಪ್ಪತ್ತು ವರ್ಷದಿಂದ ಕೂತಿದ್ದ ಕಾರು. ಗೇರು ಸ್ಟಿಯರಿಂಗ್ ಪಕ್ಕದಲ್ಲೇ ಇರುವ, ಒಂದು ಕಾಲಕ್ಕೆ ಊರಿನ ಡಾಕ್ಟರೂ ಲಾಯರೂ ಇಟ್ಟುಕೊಳ್ಳುತ್ತಿದ್ದ ಮಾಡೆಲ್ಲು. ಬಾಗಿಲು ತೆಗೆದರೆ ಒಳಗೆ ತಳವೇ ಇರಲಿಲ್ಲ. ತುಕ್ಕು ತಿಂದ ತೂತಿನಲ್ಲಿ ಕೆಳಗಿನ ಹುಲ್ಲು ಕಾಣುತ್ತಿತ್ತು. ಅದನ್ನು ಲಾರಿಯಲ್ಲಿ ಹಾಸನದ ಮನೆಗೆ ತಂದೆ. ವೆಲ್ಡಿಂಗ್ ಮಿಷನ್ ಕೊಂಡೆ. ಐವತ್ತಾರನೇ ವಯಸ್ಸಿನಲ್ಲಿ, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬೆಸುಗೆ ಕಲಿತೆ. ಅದೆಲ್ಲ ಬರೆದಿದ್ದೆ. ನೀವೂ ಮೆಚ್ಚಿಕೊಂಡಿರಿ.

ಬರೆಯದೆ ಬಿಟ್ಟದ್ದು ಇದು.

ತೆಳು ತಗಡಿಗೆ ಕರೆಂಟು ಜಾಸ್ತಿ ಕೊಟ್ಟರೆ ತೂತು ಬೀಳುತ್ತದೆ. ನನ್ನ ಕೈಯಲ್ಲಿ ಹಾಗೆ ಬಿದ್ದ ತೂತುಗಳು ಒಂದೆರಡಲ್ಲ. ಅದಕ್ಕೇ ಕರೆಂಟು ಇಳಿಸಿದೆ. ಆಮೇಲೆ ಬೆಸುಗೆ ಅಂದವಾಗಿ ಕೂರತೊಡಗಿತು. ಕೂರುತ್ತಿತ್ತು ಅಷ್ಟೇ, ಹಿಡಿಯುತ್ತಿರಲಿಲ್ಲ. ತುಕ್ಕನ್ನು ಪೂರ್ತಿ ಉಜ್ಜಿ ತೆಗೆಯುವ ತಾಳ್ಮೆಯಂತೂ ಮೂರೇ ದಿನಕ್ಕೆ ಮುಗಿದಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಗೇಟು, ಗ್ರಿಲ್ಲು ಮಾಡುವ ಪುಟ್ಟಸ್ವಾಮಿ ಒಂದು ಸಂಜೆ ನೋಡಲು ಬಂದ. ಕಾರಿನೊಳಗೆ ತಲೆ ಹಾಕಿ, ಸೀಟಿನ ಕಾಲು ಕೂರಿಸಿದ್ದ ಜಾಗವನ್ನು ಉಗುರಿನಲ್ಲಿ ಕೆರೆದು ನೋಡಿದ.

"ಮ್ಯಾಲೆ ಕುಂತೈತೆ ಸಾ, ಒಳೀಕೆ ಇಳ್ದಿಲ್ಲ. ತುಕ್ಕಿನ್ ಮ್ಯಾಲಾಕಿದ್ರೆ ಇಡಿಯಾಕಿಲ್ಲ. ಸೀಟಿಂದೊಂದು ನಾನ್ ಆಕ್ಕೊಡ್ತೀನಿ, ಅರ್ಧ ಗಂಟೆ ಕೆಲ್ಸ."

ಬೇಡ ಎಂದೆ. ಯಾಕೆ ಗೊತ್ತೇ? "ಈ ಕಾರಿಗೆ ನನ್ನದಲ್ಲದೆ ಬೇರೆ ಯಾರ ಕೈಯೂ ತಾಗಿಲ್ಲ" ಎಂಬ ಸಾಲು ಆಗಲೇ ತಲೆಯಲ್ಲಿ ತಯಾರಾಗಿತ್ತು. ಅಂಕಣಕ್ಕೆ ಹೇಳಿ ಮಾಡಿಸಿದ ಸಾಲು. ಪುಟ್ಟಸ್ವಾಮಿ ಕೈಯಿಟ್ಟರೆ ಅದು ಸುಳ್ಳಾಗಿಬಿಡುತ್ತಿತ್ತು. ಬೆಸುಗೆಯ ಮೇಲೆ ಪುಟ್ಟಿ ಮೆತ್ತಿದೆ, ಕಪ್ಪು ಬಣ್ಣ ಹೊಡೆದೆ, ಮ್ಯಾಟ್ ಹಾಸಿದೆ. ಸಾಲು ಅಚ್ಚಾಯಿತು.

ಅದಾದ ಎರಡನೇ ಭಾನುವಾರ ಹೊಳೆನರಸೀಪುರಕ್ಕೆ ಹೋಗಿ ಅಕ್ಕನನ್ನು ಹತ್ತಿಸಿಕೊಂಡೆ. ಅಕ್ಕ ಮೂವತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ತಾಲೂಕಿನ ಎಷ್ಟೋ ಹೆಣ್ಣುಮಕ್ಕಳಿಗೆ ಖೊಖೊ ಕಲಿಸಿದವಳು. ರಿಟೈರ್ ಆದಮೇಲೂ ದಿನಾ ಬೆಳಿಗ್ಗೆ ಹೊಳೆಯ ಸೇತುವೆ ತನಕ ನಡೆದು ಬರುತ್ತಿದ್ದಳು. ಜೊತೆಗೆ ಹೋದರೆ ನಾನು ಅರ್ಧ ದಾರಿಯಲ್ಲೇ ಏದುಸಿರು ಬಿಡುತ್ತಿದ್ದೆ.

ಹಳ್ಳಿಮೈಸೂರಿನ ಕಡೆ ಹೊರಟೆವು. ಸ್ಪೀಡು ನಲವತ್ತು ದಾಟಿರಲಿಲ್ಲ. ಮುಂದಿದ್ದ ಟ್ರಾಕ್ಟರಿನವನು ಹಂಪ್ ಕಂಡು ಬ್ರೇಕ್ ಹಾಕಿದ. ನಾನೂ ಹಾಕಿದೆ. ಕಾರು ನಿಂತಿತು. ಅಕ್ಕನ ಸೀಟು ನಿಲ್ಲಲಿಲ್ಲ.

ತಗಡು ಹರಿದ ಸದ್ದು ಕೇಳಿಸಿತು. ಸೀಟು ಅಕ್ಕನನ್ನು ಹೊತ್ತುಕೊಂಡೇ ಮುಂದೆ ನುಗ್ಗಿತು. ಅವಳ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಅವಳು ಕೂಗಿಕೊಳ್ಳಲಿಲ್ಲ. "ಕಾಲು ಎತ್ತಕ್ಕಾಗ್ತಿಲ್ಲ ಕಣೋ" ಎಂದಳು, ಅಷ್ಟೇ. 

ಸೊಂಟದ ಕೀಲು ಮುರಿದು ಜಾರಿತ್ತು. ನರಕ್ಕೂ ಪೆಟ್ಟಾಗಿತ್ತು. ಹಾಸನದಲ್ಲಿ ಆಪರೇಷನ್ ಆಯಿತು. ಮೂಳೆ ಕೂಡಿಕೊಂಡಿತು, ನರ ಚೇತರಿಸಿಕೊಳ್ಳಲಿಲ್ಲ. ಎಡಗಾಲಿನ ಪಾದ ಇವತ್ತಿಗೂ ಮೇಲಕ್ಕೇಳುವುದಿಲ್ಲ. ಪ್ಲಾಸ್ಟಿಕ್ಕಿನ ಆಸರೆ ಕಟ್ಟಿಕೊಂಡು, ವಾಕರ್ ಹಿಡಿದು ರೂಮಿನಿಂದ ಬಚ್ಚಲಿಗೆ ಹೋಗುತ್ತಾಳೆ. ಅಲ್ಲಿಗೆ ಅವಳ ಆ ದಿನದ ನಡಿಗೆ ಮುಗಿಯಿತು.

ಆಸ್ಪತ್ರೆಗೆ ಬಂದ ನೆಂಟರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು. "ಟ್ರಾಕ್ಟರಿನವನು ಸಡನ್ನಾಗಿ ಬ್ರೇಕ್ ಹಾಕಿಬಿಟ್ಟ." ಸುಳ್ಳೇ? ಅಲ್ಲ. ನಿಜವೇ? ಅದೂ ಅಲ್ಲ. 

ಚಿಕ್ಕಪ್ಪನ ಮಗ ಕೆರಳಿದ. "ಅವುನ್ ಯಾರು ಅಂತ ಉಡುಕಿ ಕಂಪ್ಲೇಂಟ್ ಕೊಡಾನ. ಅಂಗೇ ಬುಡಬಾರ್ದು ಕಣ್ಲಾ."

ನಾನು ಬೇಡ ಎನ್ನಲಿಲ್ಲ. ಅವನು ಟೀ ಕುಡಿಯಲು ಹೊರಗೆ ಹೋದಮೇಲೆ, ನಿದ್ದೆಯಲ್ಲಿದ್ದಾಳೆ ಎಂದುಕೊಂಡಿದ್ದ ಅಕ್ಕ ಕಣ್ಣು ಬಿಟ್ಟಳು.

"ಟ್ರಾಕ್ಟರ್‌ನವ್ನ ಮಾತು ಇನ್ನೊಂದ್ಸಲ ಎತ್ತಬೇಡ. ಯಾರ ಮನೆ ಮಗನೋ ಏನೋ. ಸೀಟಿನ ಕಾಲು ನಾನೂ ನೋಡ್ದೆ ಕಣೋ. ಅಡಿಯೆಲ್ಲ ಕೆಂಪಗೆ ತುಕ್ಕು."

ಕಂಪ್ಲೇಂಟ್ ಬೇಡವೆಂದು ಅವಳೇ ಎಲ್ಲರ ಬಾಯಿ ಮುಚ್ಚಿಸಿದಳು. ಸೀಟಿನ ವಿಷಯ ಯಾರಿಗೂ ಹೇಳಲಿಲ್ಲ. ಆ ಮೌನವನ್ನು ನಾನು ಕ್ಷಮೆ ಎಂದುಕೊಂಡೆ. (ನಮಗೆ ಬೇಕಾದ ಅರ್ಥ ಎಷ್ಟು ಬೇಗ ಸಿಗುತ್ತದೆ ನೋಡಿ.) ಕಾರಿಗೆ ಟಾರ್ಪಾಲು ಹೊದಿಸಿದೆ. ಮಳೆಯ ಬಗ್ಗೆ ಬರೆಯಲು ಕೂತೆ.

ಕಳೆದ ಶುಕ್ರವಾರ ಅರಕಲಗೂಡಿನಿಂದ ಓದುಗರೊಬ್ಬರು ಫೋನ್ ಮಾಡಿದರು. ಹೆಸರು ಶಿವಣ್ಣ, ಅಲ್ಲೊಂದು ಗೊಬ್ಬರದ ಅಂಗಡಿ ಇಟ್ಟಿದ್ದಾರೆ.

"ಸಾ, ನಿಮ್ ಕಾರಿನ್ ಲೇಖ್ನ ಕಟ್ ಮಾಡಿ ಇಟ್ಕಂಡಿವ್ನಿ. ನಾನೂ ಮಿಷನ್ ತಗಂಡು ನಮ್ಮಪ್ಪುನ್ ಜೀಪು ರೆಡಿ ಮಾಡ್ಬುಟ್ಟೆ. ಯಾರ್ ಕೈನೂ ತಾಗ್ಸಿಲ್ಲ ಸಾ! ಭಾನುವಾರ ಅವ್ವುನ್ನೂ ಮಕ್ಕಳ್ನೂ ಕೂರುಸ್ಕಂಡು ಗೊರೂರ್ ಡ್ಯಾಮಿಗೆ ಓಯ್ತೀವಿ."

ನಾನು ಏನೆಂದೆ ಗೊತ್ತೇ? "ತುಂಬಾ ಸಂತೋಷ" ಎಂದೆ. ಫೋನ್ ಇಟ್ಟೆ.

ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಆಮೇಲೆ ಅವರಿಗೆ ವಾಪಸ್ ಫೋನ್ ಮಾಡಿ, "ನಾನು ನಾಳೆ ಬರುತ್ತೇನೆ, ಅಲ್ಲಿವರೆಗೆ ಗಾಡಿ ತೆಗೆಯಬೇಡಿ" ಎಂದೆ. ಪುಟ್ಟಸ್ವಾಮಿಯ ಅಂಗಡಿಗೆ ಹೋಗಿ ನಡೆದದ್ದೆಲ್ಲ ಹೇಳಿದೆ. ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸುತ್ತಿಗೆ, ಚಾಣ ಚೀಲಕ್ಕೆ ಹಾಕಿಕೊಂಡು, "ಎಷ್ಟೊತ್ಗೆ ಬಸ್ಸು ಸಾ?" ಎಂದ.

ಶನಿವಾರ ಬೆಳಿಗ್ಗೆ ಅರಕಲಗೂಡು. ಜೀಪು ಹಸಿರು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಮೂತಿಗೆ ಹೂವಿನ ಹಾರ ಬೇರೆ. ಶಿವಣ್ಣನ ತಾಯಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಪುಟ್ಟಸ್ವಾಮಿ ಶಿವಣ್ಣನನ್ನು ಕೇಳಿಕೊಂಡು, ಹಿಂದಿನ ಸೀಟು ಕೂರಿಸಿದ್ದ ಪ್ಲೇಟಿನ ಅಂಚಿಗೆ ಚಾಣ ಇಟ್ಟು ಹೊಡೆದ. ಮೂರೇ ಪೆಟ್ಟು. ಪ್ಲೇಟು ಹಪ್ಪಳದಂತೆ ಎದ್ದು ಬಂತು.

ಶಿವಣ್ಣ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ನಿಮ್ದೂ ಇಂಗೇ ಆಗಿತ್ತಾ ಸಾ?"

"ಆಗಿತ್ತು. ನಮ್ಮಕ್ಕ ಕೂತಿದ್ದಳು. ಈಗ ಅವಳಿಗೆ ವಾಕರ್ ಇಲ್ಲದೆ ನಡೆಯೋಕಾಗಲ್ಲ."

"ಯಾವಾಗ?"

"ಎಂಟು ತಿಂಗಳಾಯ್ತು."

ಅವರು ನನ್ನನ್ನೇ ನೋಡಿದರು. "ವಾರ ವಾರ ನಿಮ್ದು ಓದ್ತೀನಲ್ಲ ಸಾ. ಒಂದ್ ಗೆರೆನೂ ಬರೀಲಿಲ್ವಲ್ಲ ನೀವು."

ಅವರ ತಾಯಿ ಕಾಫಿ ತಂದುಕೊಟ್ಟರು. ಶಿವಣ್ಣ ಹಾರ ಬಿಚ್ಚುತ್ತಾ ನಿಂತಿದ್ದರು. ನಾವು ಹೊರಟಾಗ ತಿರುಗಿ ನೋಡಲಿಲ್ಲ.

ಹಾಗೇ ಹೊಳೆನರಸೀಪುರಕ್ಕೆ ಹೋದೆ. ಅಕ್ಕ ಕಿಟಕಿ ಪಕ್ಕ ಕುರ್ಚಿಯಲ್ಲಿದ್ದಳು. ಪುಟ್ಟಸ್ವಾಮಿ ಅಂದು ಹೇಳಿದ್ದು, ನಾನು ಬೇಡ ಎಂದದ್ದು, ಶಿವಣ್ಣನ ಜೀಪು, ಒಂದೂ ಬಿಡದೆ ಹೇಳಿ, "ಎಲ್ಲ ಬರೆದುಬಿಡ್ಲಾ?" ಎಂದು ಕೇಳಿದೆ.

"ನಿನ್ನೆದೆ ಹಗುರ ಮಾಡ್ಕೊಳಕ್ಕೋ, ಇಲ್ಲ ಓದೋರು ಉಳ್ಕೊಳ್ಲಿ ಅಂತಲೋ?" ಎಂದಳು ಅಕ್ಕ.

ಅವಳ ಎದುರಿಗೆ ನೆಲದ ಮೇಲೆ ಕೂತೆ.

"ಓದೋರಿಗೋಸ್ಕರ ಆದ್ರೆ ಪುಟ್ಟಸ್ವಾಮಿ ಹೇಳಿದ್ನೂ ಬರಿ. ನೀನು ಬೇಡ ಅಂದಿದ್ನೂ ಬರಿ."

ಬರೆದಿದ್ದೇನೆ. ನನ್ನ ಲೇಖನ ಓದಿ ಮಿಷನ್ ಕೊಂಡವರಲ್ಲಿ ಫೋನ್ ಮಾಡಿ ತಿಳಿಸಿದವರು ಶಿವಣ್ಣ ಒಬ್ಬರೇ. 

ತಿಳಿಸದವರು ಎಷ್ಟು ಜನ?