ಹಾಜಿರಾಬಿ ಹಾಸಿದ ಗಾಜಿನ ಬಟ್ಟೆ

ಹಾಜಿರಾಬಿಯ ಕೈ ಬಹಳ ಚಂದ ಎಂದು ನಮ್ಮ ಮನೆಯವರು ಒಂದು ದಿನ ಊಟಕ್ಕೆ ಕೂತಾಗ ಅಂದರು. ನಾನು ಬಡಿದ ರೊಟ್ಟಿ ತಿನ್ನುತ್ತ ಅಂದರು. ಆ ಮಾತು ನನಗೆ ಇವತ್ತಿಗೂ ಗಂಟಲಲ್ಲೇ ಇದೆ.

ಅವಳು ಕುಡಚಿಯವಳು. ಕೌದಿ ಹೊಲಿದು ಬದುಕುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿದರೆ ಒಂದು ಸುಕ್ಕೂ ಉಳಿಯುತ್ತಿರಲಿಲ್ಲ. ನಮ್ಮವರ ಹೆಸರು ಭೀಮಗೊಂಡ. ಪುಣೆಯ ಒಂದು ಕಾರ್ಖಾನೆಯಲ್ಲಿ ದುಡಿದು, ಎಂಬತ್ತೆಂಟರಲ್ಲಿ ಶೇಡಬಾಳಕ್ಕೆ ಮರಳಿ, ಹೊಲದ ಮಗ್ಗುಲಿಗೆ ತಗಡಿನ ಶೆಡ್ ಹಾಕಿದ್ದರು. ಗಾಜಿನ ಎಳೆಯಿಂದ ನೇಯ್ದ ಬಟ್ಟೆಯನ್ನು ಅಚ್ಚಿನ ಮೇಲೆ ಹಾಸಿ, ರೆಸಿನ್ ಎಂಬ ಜೇನಿನಂಥ ಅಂಟು ಸವರುವುದು, ಮತ್ತೆ ಬಟ್ಟೆ, ಮತ್ತೆ ಅಂಟು. ಗಟ್ಟಿಯಾದ ಮೇಲೆ ತಗಡಿಗಿಂತ ಹಗುರ, ಕಲ್ಲಿನಂಥ ಬಿಗಿ. ಸೈನ್ಯದವರು ಗುರಿ ಕಲಿಯಲು ಹಾರಿಸುವ, ಪೈಲಟ್ ಇಲ್ಲದ ಸಣ್ಣ ವಿಮಾನಕ್ಕೆ ಮೂತಿ ಮಾಡಬೇಕಿತ್ತು. ಮಾದರಿ ಒಪ್ಪಿಗೆಯಾದರೆ ಆ ಕೆಲಸವೆಲ್ಲ ನಮಗೇ ಎಂದು ಪುಣೆಯ ಆ ಕಾರ್ಖಾನೆಯವರು ಹೇಳಿದ್ದರು.

ಅಚ್ಚಿನ ಆಚೆ ಬದಿಗೆ ನಮ್ಮವರು, ಈಚೆ ಬದಿಗೆ ಇನ್ನೊಬ್ಬರು ನಿಲ್ಲಬೇಕು. ಆ ಇನ್ನೊಬ್ಬರು ನಾನೇ ಎಂದುಕೊಂಡಿದ್ದೆ. ನಮ್ಮವರು ಕರೆಸಿದ ಹಾಜಿರಾಬಿ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬಂದು ಅಲ್ಲಿ ನಿಂತಳು.

"ವೈನಿ, ಒಂದೀಟು ನೀರ ಕೊಡ್ರಿ," ಎಂದು ಸ್ವಂತ ಅತ್ತಿಗೆಯನ್ನು ಕರೆದಂತೆ ಕರೆಯುತ್ತ ಹಿತ್ತಲಿಗೆ ಬರುತ್ತಿದ್ದಳು. ನಾನು ಅರಿವೆ ತೋಯಿಸಿ ಹಿಂಡಿ, ಎರಡು ಮಡಿಕೆ ಮಾಡಿ, ಕೊಡದ ಬಾಯಿಗೆ ಕಟ್ಟಿ ನೀರು ಸೋಸುವುದನ್ನು ನೋಡುತ್ತ ನಿಲ್ಲುವಳು.

"ನಮ್ಮ ಜೈನರ ಮನ್ಯಾಗ ಸೋಸದ ಏನೂ ಸುರಿಯಾಂಗಿಲ್ಲ," ಎಂದೆ ಜಂಬದಿಂದ. "ಹುಳಾ ಹುಪ್ಪಡಿ ಸಾಯಬಾರದು. ನಿನಗ ಇದೆಲ್ಲಾ ತಿಳಿಯೂದಿಲ್ಲ ಬಿಡು."

"ತಿಳಿಸಿದ್ರ ತಿಳಿತೈತ್ರಿ ವೈನಿ," ಎಂದು ನಕ್ಕಳು. ಹಲ್ಲೂ ಚಂದ ಇದ್ದವು, ಏನು ಮಾಡುವುದು.

ಮೊದಲ ಮೂತಿ ಹಾಸುವ ದಿನ ನಮ್ಮವರು ಪಾರ್ಸಲ್ ಬಿಡಿಸಿಕೊಳ್ಳಲು ಸ್ಟೇಷನ್ನಿಗೆ ಹೋಗಿದ್ದರು. ರೆಸಿನ್ ಡಬ್ಬಿಯಲ್ಲಿ ಇರುವೆ ಬಿದ್ದಿದ್ದವು. ಹಾಜಿರಾಬಿ ನನ್ನ ಹಾಗೆಯೇ ಅರಿವೆ ತೋಯಿಸಿ, ಹಿಂಡಿ, ಸೋಸಿದಳು. ರೆಸಿನ್ನಿಗೆ ನೀರಿನ ಪಸೆಯೇ ವೈರಿ. ಮರುದಿನ ಅಚ್ಚು ಬಿಡಿಸಿದರೆ ಮೂತಿಯ ತುಂಬ ಮಜ್ಜಿಗೆ ಚೆಲ್ಲಿದಂಥ ಬಿಳಿ ಕಲೆ. ನಮ್ಮವರು ಒಂದು ರೂಪಾಯಿ ನಾಣ್ಯದಿಂದ ಬಡಿದು ನೋಡಿದರು. ಪದರುಗಳು ಕೂಡಿದ್ದರೆ ಠಣ್ ಅನ್ನಬೇಕು, ಒಳಗೆ ಬಿಟ್ಟಿದ್ದರೆ ಬದ್ ಅನ್ನುತ್ತದೆ. ಎಲ್ಲಿ ಬಡಿದರೂ ಬದ್. ನನ್ನ ಕಿವಿಗೆ ಸನಾದಿ ಊದಿದಂತಾಯಿತು.

"ಅಣ್ಣಾ, ಇರವಿ ಬಿದ್ದಿದ್ವು. ವೈನಿ ನೀರ ಸೋಸಿದಂಗ ಸೋಸೇನ್ರಿ," ಅಂದಳು ಹಾಜಿರಾಬಿ.

ನಮ್ಮವರು ಡ್ರಮ್ಮಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. "ನಮಗಿಂತ ದೊಡ್ಡ ಜೈನಳಾದಿ ಬಿಡವಾ ನೀ."

ನಗುವುದೇ? ನಾನೊಮ್ಮೆ ಹಾಲು ಉಕ್ಕಿಸಿದ್ದಕ್ಕೆ ಮಾತು ಬಿಟ್ಟ ಮನುಷ್ಯ.

ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಕೂತಾಗ ನಾನು ಬಿಡಲಿಲ್ಲ. "ಆಕೀನ ಕಳಸ್ರಿ. ನಾ ನಿಲ್ತೀನಿ ಅಚ್ಚಿಗೆ."

"ಇನ್ನೊಂದು ಹಾಸಲಿ. ಅದೂ ಬದ್ ಅಂದ್ರ ಆಕಿ ಕುಡಚಿಗೆ, ನೀ ಅಚ್ಚಿಗೆ."

"ಬಡದು ನೋಡಾವ್ರು ಯಾರು? ಆಕೀದಂದ್ರ ನಿಮಗ ಬದ್ ಅಂದದ್ದೂ ಠಣ್ ಕೇಳತೈತಿ."

ಅವರು ಕಿಸೆಯಿಂದ ಆ ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಹಂಗಾರ ನೀನ ಬಡಿ."

ಈ ಸಲ ಹಾಜಿರಾಬಿ ಬಿಸಿಲಿಗೆ ಒಣಗಿಸಿದ ಅರಿವೆಯಲ್ಲಿ ಸೋಸಿದಳು. ಅಚ್ಚು ಬಿಡಿಸಿದ ದಿನ ನಮ್ಮವರು ಬೇಕೆಂದೇ ಹೊಲದ ಕಡೆ ಹೋದರು. ನಾನು ಬಡಿಯತೊಡಗಿದೆ. ತುದಿಗೆ ಬಡಿದೆ, ಕುತ್ತಿಗೆಗೆ ಬಡಿದೆ, ಸ್ಕ್ರೂ ಕೂರುವ ಅಂಚಿಗೆ ಬಡಿದೆ, ಬಟ್ಟೆ ಬಾಗಿದ ಒಳಮೈಗೂ ಕೈ ಹಾಕಿ ಬಡಿದೆ. ಠಣ್, ಠಣ್. ಒಂದೇ ಒಂದು ಕಡೆ ಬದ್ ಅಂದಿದ್ದರೆ ಸಾಕಿತ್ತು. ಅನ್ನದಿದ್ದರೂ ಅಂದಿತು ಎಂದು ನಾನು ಹೇಳಿದ್ದರೆ ಅವರು ನಂಬುತ್ತಿದ್ದರು. ಹಾಜಿರಾಬಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ವೈನಿ, ಏನಂತೈತ್ರಿ?"

"ನಿನಗೇನ ಕಿವಿ ಇಲ್ಲೇನ? ಬರೋಬರಿ ಐತಿ."

ಪುಣೆಯವರು ಒಪ್ಪಿದರು. ತೊಂಬತ್ತಾರರಲ್ಲಿ ನಮ್ಮವರು ತೀರಿಕೊಳ್ಳುವವರೆಗೂ ಅಚ್ಚಿನ ಈಚೆ ಬದಿಗೆ ಹಾಜಿರಾಬಿಯೇ ನಿಂತಳು. ರೂಪಾಯಿಯನ್ನು ಮಾತ್ರ ನಾನು ಮರಳಿ ಕೊಡಲಿಲ್ಲ. ಅವಳು ಹಾಸಿದ ಒಂದೊಂದು ಮೂತಿಯನ್ನೂ ನಾನೇ ಬಡಿದು ಕಳಿಸಿದೆ. ಕೆಟ್ಟಿದೆ ಎಂದು ಪುಣೆಯಿಂದ ಒಂದೂ ತಿರುಗಿ ಬರಲಿಲ್ಲ. ಅವಳ ಕೆಲಸದಲ್ಲಿ ಬದ್ ಅನ್ನುವ ಜಾಗ ಹುಡುಕಲು ನನ್ನಷ್ಟು ಆಸೆ ಇದ್ದವರು ಇನ್ನಾರಿದ್ದರು?